"ನಿಮ್ಮ ಕೋಚ್ ಯಾರನ್ನಾದ್ರೂ ಇಂಡಿಯಾ ಟೀಮಿಗೆ ಕಳಿಸಿದ್ರಾ?"

ವಾಸ್ಕೋದಲ್ಲಿ ನಾವು ಕೆಲವು ಹಳೆ ಹುಡುಗರು ಸೇರಿ ಪ್ರತಿ ವರ್ಷ ಒಂದು ಫುಟ್‌ಬಾಲ್ ಪಂದ್ಯ ಆಡಿಸುತ್ತೇವೆ. ಹೈಸ್ಕೂಲ್ ಹುಡುಗರ ಪಂದ್ಯ. ಮಳೆ ನಿಂತು ಮೈದಾನ ಒಣಗಿದ ಮೇಲೆ, ನಮ್ಮ ಸರ್ ನೆನಪಿಗೆ. ಚಂದಾ ಕೇಳಲು ಹೋದಾಗ ಅಂಗಡಿಯವರು, ಊರಿಂದ ಬಂದ ನೆಂಟರು, ಜೊತೆಗೆ ಕೆಲಸ ಮಾಡುವವರು, ಎಲ್ಲರದ್ದೂ ಒಂದೇ ಪ್ರಶ್ನೆ. ನಿಮ್ಮ ಕೋಚ್ ಯಾರನ್ನಾದ್ರೂ ಇಂಡಿಯಾ ಟೀಮಿಗೆ ಕಳಿಸಿದ್ರಾ?

ಇಲ್ಲ. ಒಬ್ಬರನ್ನೂ ಕಳಿಸಲಿಲ್ಲ.

ಗೋವಾದಲ್ಲಿ ಹೀಗೆ ಕೇಳುವುದರಲ್ಲಿ ತಪ್ಪೇನಿಲ್ಲ. 1883ರಲ್ಲಿ ವಿಲಿಯಂ ರಾಬರ್ಟ್ ಲಾಯನ್ಸ್ ಎಂಬ ಐರಿಶ್ ಪಾದ್ರಿ ಸಿಯೋಲಿಂನಲ್ಲಿ ಹುಡುಗರಿಗೆ ಈ ಆಟ ಕಲಿಸಿದರಂತೆ. 2012ರಲ್ಲಿ ಸರ್ಕಾರ ಇದನ್ನೇ ರಾಜ್ಯದ ಆಟ ಎಂದು ಘೋಷಿಸಿತು. ಭಾರತ ತಂಡದ ಕ್ಯಾಪ್ಟನ್ ಆಗಿದ್ದ ಗೋಲ್‌ಕೀಪರ್ ಬ್ರಹ್ಮಾನಂದ ಶಂಖವಾಲ್ಕರ್ ಇಲ್ಲಿಯವರು. ಡೆಂಪೊ ಕ್ಲಬ್ಬಿಗೆ ಐದು ಸಲ ರಾಷ್ಟ್ರೀಯ ಲೀಗ್ ಗೆಲ್ಲಿಸಿಕೊಟ್ಟ ಅರ್ಮಾಂಡೋ ಕೊಲಾಸೊ ಇಲ್ಲಿಯವರು. ಇಂಥ ಜಾಗದಲ್ಲಿ ಕೋಚ್ ಅಂದ ತಕ್ಷಣ ಜನ ಕಪ್ಪು ಎಷ್ಟು, ಆಟಗಾರರು ಯಾರು ಅಂತ ಲೆಕ್ಕ ಕೇಳುತ್ತಾರೆ. ನಮ್ಮ ಸರ್ ಲೆಕ್ಕ ಬೇರೆ. ಅದನ್ನೇ ಇವತ್ತು ಕೂತು ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ, ಅವರ ಮನೆಯವರಿಗೆ ಅದು ಇಷ್ಟವಿಲ್ಲ.

ನಾವು ಬೈನಾ, ಮಂಗೋರ್ ಹಿಲ್, ಸಡಾ ಕಡೆಯ ಹುಡುಗರು. ಅಪ್ಪಂದಿರು ಬಿಜಾಪುರ, ಬಾಗಲಕೋಟೆ, ಗದಗ, ಕೊಪ್ಪಳದಿಂದ ಬಂದವರು. ಬಂದರಿನಲ್ಲಿ, ಕಟ್ಟಡದ ಕೆಲಸದಲ್ಲಿ ದುಡಿಯುತ್ತಿದ್ದರು. ಸರ್ ಇದೇ ಊರಿನ ಕ್ಯಾಥೊಲಿಕ್ ಮನೆಯವರು, ನಮ್ಮ ಹೈಸ್ಕೂಲಿನ ಪಿ.ಟಿ. ಮಾಸ್ತರು. ಕನ್ನಡ ಅವರಿಗೆ ಬರುತ್ತಿದ್ದದ್ದು ಎರಡೇ ಪದ: "ಊಟ ಆಯ್ತಾ?" ಸಂಜೆ ಮೈದಾನಕ್ಕೆ ಬಂದವನಿಗೆ ಮೊದಲು ಇದೇ ಪ್ರಶ್ನೆ. ಆಗಿಲ್ಲ ಅಂದರೆ ಪಾವ್ ತಿನ್ನಲು ಚಿಲ್ಲರೆ ಕೊಡುತ್ತಿದ್ದರು. ತಿಂದು ಬಂದು ಅರ್ಧ ಗಂಟೆ ಕೂರಬೇಕು, ಆಮೇಲೆ ಚೆಂಡು.

ಅವರ ಹತ್ತಿರ ಒಂದು ತಗಡಿನ ಟ್ರಂಕ್ ಇತ್ತು. ಅದರಲ್ಲಿ ಹಳೆ ಬೂಟುಗಳು. ಯಾವ ಯಾವುದೋ ಕ್ಲಬ್ಬಿನ ಆಟಗಾರರಿಂದ ಕೇಳಿ ತಂದದ್ದು. ಹಿಮ್ಮಡಿಯ ಮೇಲೆ ಬಿಳಿ ಪೇಂಟಿನಲ್ಲಿ ನಂಬರ್. ನನ್ನ ಕಾಲಿಗೆ ಆರು ಸಾಕು, ಸಿಗುತ್ತಿದ್ದದ್ದು ಎಂಟು. ಸರ್ ಪೇಪರ್ ಹರಿದು, ಉಂಡೆ ಮಾಡಿ, ಬೂಟಿನ ಮೂತಿಯೊಳಗೆ ಬೆರಳಿನಿಂದ ಒತ್ತಿ ಒತ್ತಿ ತುಂಬುತ್ತಿದ್ದರು. ನನ್ನ ಕಾಲು ತಮ್ಮ ತೊಡೆಯ ಮೇಲಿಟ್ಟುಕೊಂಡು ಲೇಸು ಕಟ್ಟುತ್ತಿದ್ದರು. ನಮ್ಮ ಮೈದಾನದ ಕೆಂಪು ಕಲ್ಲುಮಣ್ಣಿಗೆ ಚೆಂಡಿನ ಹೊಲಿಗೆ ತಿಂಗಳಿಗೊಮ್ಮೆ ಬಿಡುತ್ತಿತ್ತು. ದಪ್ಪ ಸೂಜಿ, ಮೇಣ ಹಚ್ಚಿದ ದಾರ ಹಿಡಿದು ಅದನ್ನೂ ಅವರೇ ಹೊಲಿಯುತ್ತಿದ್ದರು.

ಟ್ರಂಕಿನ ಮುಚ್ಚಳದ ಒಳಗೆ ಪೇಪರಿನಿಂದ ಕತ್ತರಿಸಿದ ಒಂದು ಫೋಟೋ ಅಂಟಿಸಿದ್ದರು. 1962ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ಭಾರತ ತಂಡ. ಅದರ ಕೋಚ್ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಆಗಲೇ ಅವರಿಗೆ ಕ್ಯಾನ್ಸರ್ ಇತ್ತು, ಮರುವರ್ಷ ಜೂನ್‌ನಲ್ಲಿ ತೀರಿಕೊಂಡರು. ರಹೀಂ ಸಾಹೇಬರೂ ಶಾಲೆ ಮಾಸ್ತರಾಗಿದ್ದವರು ಅಂತ ಸರ್ ಎಷ್ಟು ಸಲ ಹೇಳಿದ್ದರೋ!

ಮೈದಾನದಲ್ಲಿ ನಮ್ಮನ್ನು 'ಘಾಟಿ' ಅನ್ನುತ್ತಿದ್ದರು. ಘಟ್ಟದ ಮೇಲಿಂದ ಬಂದವರು ಅಂತ. ಹೇಳುವ ರೀತಿಯಲ್ಲೇ ಮುಳ್ಳು ಇರುತ್ತಿತ್ತು. ಒಂದು ಸಲ ನಮ್ಮ ಗೋಲ್‌ಕೀಪರ್ ಈ ಮಾತಿಗೆ ಅತ್ತುಬಿಟ್ಟ. ಸರ್ ಬೈಯಲಿಲ್ಲ, ಎರಡೂ ಕಡೆಯ ಹುಡುಗರನ್ನು ಕೂರಿಸಿ ಒಂದು ಪಂದ್ಯದ ಕಥೆ ಹೇಳಿದರು. 1948, ಲಂಡನ್ ಒಲಿಂಪಿಕ್ಸ್. ಎದುರು ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲು. ಎರಡು ಪೆನಾಲ್ಟಿ ಸಿಕ್ಕಿದವು, ಎರಡೂ ಹೋದವು. 2-1ಕ್ಕೆ ಸೋತರು. ಭಾರತದ ಆ ಒಂದು ಗೋಲು ಹೊಡೆದದ್ದು ಯಾರು ಗೊತ್ತಾ? ಎಸ್. ರಾಮನ್. ಬೆಂಗಳೂರಿನವರು. "ಅವರೂ ಘಟ್ಟದ ಮೇಲಿನವರೇ," ಅಂದು ಎದ್ದು ಸೀಟಿ ಊದಿದರು.

ಇನ್ನು ನನ್ನ ವಿಷಯ. 1996ರಲ್ಲಿ ನಾನು ಹತ್ತನೇ ಕ್ಲಾಸು. ಶಾಲೆಗಳ ಟೂರ್ನಮೆಂಟ್, ಹದಿನೇಳರ ಒಳಗಿನವರದು. 1980 ಜನವರಿ 1 ಅಥವಾ ಆಮೇಲೆ ಹುಟ್ಟಿದವರಿಗೆ ಮಾತ್ರ ಅವಕಾಶ. ನಮ್ಮ ಟೀಮಿನಲ್ಲಿ ಏಳು ಹುಡುಗರ ಹುಟ್ಟಿದ ದಿನ ಜೂನ್ 1. ಇದು ಯಾಕೆ ಅಂತ ಕನ್ನಡದವರಿಗೆ ಹೇಳಬೇಕಾಗಿಲ್ಲ, ಅಲ್ವಾ? ಶಾಲೆಗೆ ಸೇರಿಸುವಾಗ ಅಪ್ಪನಿಗೆ ತಾರೀಖು ಗೊತ್ತಿರುವುದಿಲ್ಲ, ಮಾಸ್ತರು ಜೂನ್ 1 ಬರೆದುಬಿಡುತ್ತಾರೆ. ಎದುರು ಶಾಲೆಯವರು ತಕರಾರು ಎತ್ತಿದರು. ಜನನ ಪತ್ರ ತನ್ನಿ ಅಂದರು ಸಂಘಟಕರು. ಉಳಿದವರದ್ದು ಊರಿನ ಸಂಬಂಧಿಕರು ಹೇಗೋ ತರಿಸಿಕೊಟ್ಟರು. ನನಗೆ ಊರಿನಲ್ಲಿ ಓದು ಬಲ್ಲವರೇ ಇರಲಿಲ್ಲ.

ಚೌತಿ ರಜೆಯಲ್ಲಿ ಸರ್ ನಮ್ಮ ಮನೆಗೆ ಬಂದು, ಅಪ್ಪನನ್ನೂ ನನ್ನನ್ನೂ ಬಸ್ಸು ಹತ್ತಿಸಿಕೊಂಡು ಹೊರಟೇಬಿಟ್ಟರು. ಅನಮೋಡ ಘಟ್ಟದಲ್ಲಿ ಮಳೆ ಅಂದ್ರೆ ಮಳೆ. ಹುಬ್ಬಳ್ಳಿ, ಬಿಜಾಪುರ, ಸಿಂದಗಿ. ಒಂದು ಇಡೀ ರಾತ್ರಿ, ಅರ್ಧ ಹಗಲು. ಟಿಕೆಟ್ ದುಡ್ಡು ಅವರದೇ. ಹೊರಡುವಾಗ ಅವ್ವ ಹೇಳಿದ್ದಳು: "ಸೀಗಿ ಹುಣ್ಣಿಮಿ ಮರುದಿನ ಹುಟ್ಟ್ಯಾನ್ರಿ ಮಾಸ್ತರ." ಯಾವ ವರ್ಷ ಅನ್ನುವುದು ಅವಳಿಗೂ ಗೊತ್ತಿರಲಿಲ್ಲ. 1980 ಆಗಿರಲಿ ಅಂತ ನಾನು ದಾರಿಯುದ್ದಕ್ಕೂ ದೇವರಿಗೆ ಬೇಡಿಕೊಂಡೆ.

ಕಚೇರಿಯ ಗುಮಾಸ್ತರು ಕೆಂಪು ಬಟ್ಟೆಯ ಗಂಟು ಬಿಚ್ಚಿದರು. ಹಾಳೆಗಳ ಅಂಚು ಹುಳ ತಿಂದಿತ್ತು. ಅಪ್ಪನ ಹೆಸರು ಸಿಕ್ಕಿತು, ಅವ್ವನ ಹೆಸರು ಸಿಕ್ಕಿತು. ನನ್ನ ಹೆಸರಿನ ಜಾಗ ಖಾಲಿ. 'ಗಂಡು' ಅಂತ ಅಷ್ಟೇ. ಪಕ್ಕದಲ್ಲಿ ತಾರೀಖು, ಕನ್ನಡದ ಅಂಕಿಯಲ್ಲಿ: ೬-೧೦-೧೯೭೯. ಸರ್‌ಗೆ ಆ ಅಂಕಿ ಓದಲು ಬರುತ್ತಿರಲಿಲ್ಲ. ಅಪ್ಪನಿಗೂ ಬರುತ್ತಿರಲಿಲ್ಲ. ಸಾಲಿನ ಮೇಲೆ ಬೆರಳಿಟ್ಟು ಸರ್ ನನ್ನ ಮುಖ ನೋಡಿದರು. ಎಂಬತ್ತು ಅನ್ನುವ ಮಾತು ನನ್ನ ನಾಲಿಗೆ ತುದಿಯಲ್ಲಿತ್ತು. ಅವರು ಅವಸರ ಮಾಡಲಿಲ್ಲ, ಬೆರಳೂ ತೆಗೆಯಲಿಲ್ಲ. "ಎಪ್ಪತ್ತೊಂಬತ್ತು ಸರ್," ಅಂದೆ. "ಬರೆಂ," ಅಂದರು. ಕೊಂಕಣಿಯಲ್ಲಿ ಒಳ್ಳೇದು ಅಂತ. ಆಮೇಲೆ ನಕಲಿಗೆ ಶುಲ್ಕ ಕಟ್ಟಿದರು.

ಆ ಟೂರ್ನಮೆಂಟ್ ನಾನು ಆಡಲಿಲ್ಲ. ಸರ್ ನನ್ನ ಕೈಗೆ ಟ್ರಂಕಿನ ಕೀಲಿ ಕೊಟ್ಟು, ಎಲ್ಲ ಪಂದ್ಯಕ್ಕೂ ಕರೆದೊಯ್ದರು. ಎರಡನೇ ಸುತ್ತಿನಲ್ಲಿ ಸೋತೆವು. ಎಸ್ಸೆಸ್ಸಿ ಫಾರ್ಮು ತುಂಬುವ ಮೊದಲು ಅವರು ನನ್ನ ಶಾಲೆ ದಾಖಲೆಯಲ್ಲಿ ತಾರೀಖು ತಿದ್ದಿಸಿದರು. ಅದಕ್ಕೆ ಎಷ್ಟು ಓಡಾಡಿದರೋ, ನನಗೆ ಹೇಳಲಿಲ್ಲ.

ಇದರ ಬೆಲೆ ನನಗೆ ತಿಳಿದದ್ದು ಹಡಗಿನ ಕೆಲಸಕ್ಕೆ ಪಾಸ್‌ಪೋರ್ಟ್ ಮಾಡಿಸುವಾಗ. ನನ್ನ ಎಲ್ಲ ಕಾಗದದಲ್ಲೂ ಒಂದೇ ತಾರೀಖು. ನನ್ನದೇ ಓಣಿಯ, ಬೇರೆ ಶಾಲೆಯಲ್ಲಿ ಓದಿದ ಗೆಳೆಯನದ್ದು ಶಾಲೆಯಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಅವನ ಅರ್ಜಿ ಎರಡು ವರ್ಷ ನಿಂತಿತು, ಕೆಲಸ ಕೈತಪ್ಪಿತು.

ಹಾಗಾಗಿ ನನ್ನ ಉತ್ತರ ಇದು. ಸರ್ ಯಾರನ್ನೂ ಇಂಡಿಯಾ ಟೀಮಿಗೆ ಕಳಿಸಲಿಲ್ಲ. ಕ್ಲಾಸಿಗೆ ಬರದವನಿಗೆ ಸಂಜೆ ಚೆಂಡಿಲ್ಲ ಎಂಬ ಒಂದೇ ನಿಯಮದಿಂದ, ಏಳನೆಯದಕ್ಕೇ ಶಾಲೆ ಬಿಟ್ಟು ಸಿಮೆಂಟ್ ಹೊರಲು ಹೋಗಬೇಕಿದ್ದ ಎಷ್ಟೋ ಹುಡುಗರನ್ನು ಹತ್ತನೆಯವರೆಗೆ ಓದಿಸಿದರು. ಅವತ್ತು ಅತ್ತ ಗೋಲ್‌ಕೀಪರ್ ಈಗ ಬಂದರಿನಲ್ಲಿ ಕ್ರೇನ್ ನಡೆಸುತ್ತಾನೆ. ಪಂದ್ಯದ ದಿನ ಮೈದಾನಕ್ಕೆ ಸುಣ್ಣದ ಗೆರೆ ಹಾಕುವವನು ಅವನೇ. ಬೇರೆ ಯಾರಿಗೂ ಬಿಡುವುದಿಲ್ಲ.

ಟ್ರಂಕ್ ಈಗ ನನ್ನ ಮನೆಯಲ್ಲಿದೆ. ಆ ನಕಲಿನ ಜೆರಾಕ್ಸ್ ಒಂದನ್ನು ಸರ್ ಮುಚ್ಚಳದ ಒಳಗೆ, ರಹೀಂ ಸಾಹೇಬರ ತಂಡದ ಫೋಟೋ ಪಕ್ಕದಲ್ಲಿ ಅಂಟಿಸಿಟ್ಟಿದ್ದರು. ಅವರು ಹೋದ ಮೇಲೆಯೇ ನಾನು ನೋಡಿದ್ದು.

ಈ ವರ್ಷದ ಪಂದ್ಯಕ್ಕೆ ಹೆಸರು ಕೊಟ್ಟ ಹುಡುಗರಲ್ಲಿ ಒಬ್ಬನದ್ದು ಜೂನ್ 1. ಅಪ್ಪ ಕೊಪ್ಪಳದವರು. ನಮ್ಮ ಪಂದ್ಯಕ್ಕೆ ಅದು ಬೇಕಾಗಿಲ್ಲ, ಆದರೆ ಮುಂದಿನ ವರ್ಷ ಅವನದ್ದು ಹತ್ತನೇ ಕ್ಲಾಸು. ಶುಕ್ರವಾರ ರಾತ್ರಿ ಬಸ್ಸಿಗೆ ಮೂರು ಟಿಕೆಟ್ ತೆಗೆಸಿದ್ದೇನೆ.