ಪಕ್ಕೆಲುಬಿನ ಮೇಲೆ ಕೈಯಿಟ್ಟ ದಿನ

ಬೆಳಗಿನ ಜಾವ ನಾಲ್ಕಕ್ಕೆ ಟಾರ್ಚ್ ಹಿಡಿದು ಕೊಟ್ಟಿಗೆಗೆ ಹೋದಾಗ ಕರು ಆಗಲೇ ನೆಲದ ಮೇಲಿತ್ತು. ಪಡ್ಡೆ, ಅಂದರೆ ಮೊದಲ ಸಲ ಈಯುವ ಎಳೆ ಹಸು, ಅದನ್ನು ನೆಕ್ಕುತ್ತಿತ್ತು. ಚೊಚ್ಚಲು, ಆದರೂ ಯಾರ ಸಹಾಯವೂ ಇಲ್ಲದೆ ಈದಿದೆಯಲ್ಲ ಎಂದು ಸಮಾಧಾನವಾಯಿತು. ಆ ಸಮಾಧಾನ ಹತ್ತು ನಿಮಿಷವೂ ಉಳಿಯಲಿಲ್ಲ. ಕರು ತಲೆ ಎತ್ತುತ್ತಿರಲಿಲ್ಲ. ಬಾಯಿಗೆ ಬೆರಳಿಟ್ಟೆ. ಒಳಗೆಲ್ಲ ತಣ್ಣಗಿತ್ತು. ಬೆರಳು ಚೀಪುವಷ್ಟು ಶಕ್ತಿಯೂ ಅದಕ್ಕಿರಲಿಲ್ಲ.

ಒಣ ಬಟ್ಟೆಯಿಂದ ಮೈ ಉಜ್ಜುತ್ತಲೇ ಪಶುವೈದ್ಯರಿಗೆ ಫೋನ್ ಮಾಡಿದೆ. ಆಮೇಲೆ ಕೆಚ್ಚಲಿಗೆ ಕೈ ಹಾಕಿದೆ. ಗಿಣ್ಣು ಹಾಲು ಅರ್ಧ ಲೀಟರ್ ಕೂಡ ಇಳಿಯಲಿಲ್ಲ. ಹೊಟ್ಟೆಯಲ್ಲಿರುವ ಕರುವಿಗೆ ತಾಯಿಯ ರಕ್ತದಿಂದ ರೋಗ ತಡೆಯುವ ಶಕ್ತಿ ದಾಟಿ ಬರುವುದಿಲ್ಲ. ಅದು ಸಿಗುವುದು ಗಿಣ್ಣಿನಿಂದ ಮಾತ್ರ. ಅದೂ ಮೊದಲ ಕೆಲವು ಗಂಟೆಗಳಲ್ಲೇ ಹೊಟ್ಟೆ ಸೇರಬೇಕು. 24 ಗಂಟೆ ಕಳೆಯುವಷ್ಟರಲ್ಲಿ ಕರುಳು ಅದನ್ನು ಹೀರಿಕೊಳ್ಳುವುದೇ ನಿಂತುಹೋಗುತ್ತದೆ. ಪುಣ್ಯಕ್ಕೆ ಹಿಂದಿನ ವಾರ ಈದ ಹಸುವಿನ ಗಿಣ್ಣು ಫ್ರೀಜರಿನಲ್ಲಿತ್ತು. ಬೆಚ್ಚಗಿನ ನೀರಿನಲ್ಲಿಟ್ಟು ಕರಗಿಸಿದೆ. ವೈದ್ಯರು ಬಂದು ನಳಿಗೆಯಲ್ಲಿ ಎರಡು ಲೀಟರ್ ಹೊಟ್ಟೆಗೆ ಇಳಿಸಿದರು.

ಕರು ಸ್ವಲ್ಪ ಬಿಸಿಯಾದ ಮೇಲೆ ಅವರು ತಾಯಿಯ ಕಡೆ ತಿರುಗಿದರು. ಪಕ್ಕೆಯ ಮೇಲೆ ಅಂಗೈ ಇಟ್ಟು, "ನೀವೂ ಒಮ್ಮೆ ಮುಟ್ಟಿ ನೋಡಿ" ಎಂದರು. ಮುಟ್ಟಿದೆ. ಚಳಿಗಾಲದ ದಟ್ಟ ಕೂದಲಿನ ಕೆಳಗೆ ಎಲುಬುಗಳು ಒಂದೊಂದಾಗಿ ಬೆರಳಿಗೆ ಸಿಕ್ಕವು. ದೂರದಿಂದ ಗುಂಡಗೆ ಕಾಣುತ್ತಿದ್ದ ಹಸು ಅದು. ನಮ್ಮದು ಮಾಂಸದ ತಳಿಯ ಹಿಂಡು. ದಿನಾ ಹಾಲು ಕರೆಯುವುದಿಲ್ಲ, ಹಾಗಾಗಿ ಹಸುವಿನ ಮೈ ಮುಟ್ಟುವ ಸಂದರ್ಭವೇ ಕಡಿಮೆ. ಕೂದಲು ಮತ್ತು ಗಬ್ಬದ ಹೊಟ್ಟೆ ನೋಡಿ ಚೆನ್ನಾಗಿದೆ ಅಂದುಕೊಂಡಿದ್ದೆ.

ಮೇವು ಕಡಿಮೆ ಮಾಡಿದ್ದು ನಾನೇ. ಹಿಂದಿನ ವರ್ಷ ಒಂದು ಪಡ್ಡೆಯ ದೊಡ್ಡ ಕರುವನ್ನು ಎಳೆದು ತೆಗೆಯಬೇಕಾಗಿ ಬಂದಿತ್ತು. ಕೊನೆಯ ಎರಡು ತಿಂಗಳು ಮೇವು ಕಡಿಮೆ ಮಾಡಿದರೆ ಕರು ಸಣ್ಣದಾಗಿ ಸುಲಭವಾಗಿ ಈಯುತ್ತದೆ ಎಂದು ಯಾರೋ ಹೇಳಿದ್ದರು. ಹೌದಲ್ವಾ ಅನ್ನಿಸಿತು.

ವೈದ್ಯರು ಬೈಯಲಿಲ್ಲ. ಅಲ್ಲೇ ಕೂತು ವಿವರಿಸಿದರು. ಹಸುವಿನ ಗಬ್ಬ ಸುಮಾರು 283 ದಿನ. ಹುಟ್ಟುವಾಗಿನ ತೂಕದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಬರುವುದು ಕೊನೆಯ ಮೂರು ತಿಂಗಳಲ್ಲಿ. ಹುಟ್ಟಿದ ಕೂಡಲೇ ಕರುವಿನ ಮೈ ಬೆಚ್ಚಗಿಡುವ ಕಂದು ಕೊಬ್ಬು ತುಂಬಿಕೊಳ್ಳುವುದೂ ಆಗಲೇ. ಮೇವು ಕಡಿಮೆ ಮಾಡಿದರೆ ಈಯುವುದು ಸುಲಭವಾಗುವುದಿಲ್ಲ. ತಾಯಿಗೆ ಕರುವನ್ನು ಹೊರತಳ್ಳುವ ಶಕ್ತಿ ಕಡಿಮೆಯಾಗುತ್ತದೆ, ಗಿಣ್ಣು ಕಡಿಮೆಯಾಗುತ್ತದೆ, ಮತ್ತೆ ಬೆದೆಗೆ ಬರುವುದೂ ತಡ. ದೊಡ್ಡ ಕರುವಿನ ಭಯವಿದ್ದರೆ ಪಡ್ಡೆಗೆ ಬಿಡುವ ಹೋರಿಯನ್ನು ನೋಡಿ ಆರಿಸಬೇಕು. ಪಡ್ಡೆ ತಾನೇ ಇನ್ನೂ ಬೆಳೆಯುತ್ತಿರುತ್ತದೆ, ಅದಕ್ಕೂ ಮೇವು ಬೇಕು, ಹೊಟ್ಟೆಯಲ್ಲಿರುವುದಕ್ಕೂ ಬೇಕು. ಇಷ್ಟು ಸರಳವಾದದ್ದು ನನಗೆ ಹೊಳೆದಿರಲಿಲ್ಲ ಎಂಬುದು ಇವತ್ತಿಗೂ ಕಾಡುತ್ತದೆ.

ಮೈಕಟ್ಟು ಅಳೆಯಲು 1ರಿಂದ (ತೀರಾ ಬಡಕಲು) 9ರವರೆಗೆ (ತೀರಾ ಕೊಬ್ಬಿದ್ದು) ಅಂಕ ಕೊಡುತ್ತಾರೆ. ಈಯುವಾಗ ದೊಡ್ಡ ಹಸು 5ರಲ್ಲಿರಬೇಕು, ಪಡ್ಡೆ 6ರಲ್ಲಿ. ನಮ್ಮದು 4 ಕೂಡ ದಾಟಿರಲಿಲ್ಲ. ಒಂದು ಅಂಕ ಎಂದರೆ ಸುಮಾರು 40 ಕಿಲೋ ಮೈತೂಕ. ದಿನ ಹತ್ತಿರ ಬಂದಾಗ ಅಷ್ಟು ತುಂಬಿಸುವುದು ಆಗದ ಕೆಲಸ.

ಆ ವರ್ಷ ಮೊದಲ ಬಾರಿಗೆ ಒಣಹುಲ್ಲನ್ನು ಲ್ಯಾಬ್‌ಗೆ ಕಳಿಸಿದೆ. ಬಣವೆ ತುಂಬಾ ಹುಲ್ಲಿತ್ತು, ಆದರೆ ಬಲಿತ ಮೇಲೆ ಕೊಯ್ದದ್ದು. ಪ್ರೋಟೀನ್ 6 ಶೇಕಡಾ. ಕೊನೆಯ ತಿಂಗಳುಗಳಲ್ಲಿ 8ರಿಂದ 9 ಶೇಕಡಾ ಆದರೂ ಬೇಕು. ಪ್ರೋಟೀನ್ ಸಾಲದಿದ್ದರೆ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ನಾರನ್ನು ಸರಿಯಾಗಿ ಒಡೆಯುವುದಿಲ್ಲ. ತಿಂದದ್ದು ಒಳಗೇ ಜಾಸ್ತಿ ಹೊತ್ತು ಉಳಿಯುತ್ತದೆ, ಹಸು ಮತ್ತೆ ಬಾಯಿ ಹಾಕುವುದಿಲ್ಲ. ಮುಂದೆ ರಾಶಿ ಮೇವಿದ್ದೂ ಹಸಿವು! ಸ್ವಲ್ಪ ಹಿಂಡಿ ಸೇರಿಸಿದ ಮೇಲೆ ಅದೇ ಹುಲ್ಲನ್ನು ಹೆಚ್ಚು ತಿನ್ನತೊಡಗಿದವು. ಖನಿಜದ ಮಿಶ್ರಣವನ್ನೂ ತಪ್ಪಿಸಲಿಲ್ಲ. ಹಾಲಿನಲ್ಲಿ ತಾಮ್ರ ತೀರಾ ಕಡಿಮೆ, ಕರು ಹೊಟ್ಟೆಯಲ್ಲಿದ್ದಾಗಲೇ ಅದನ್ನು ತನ್ನ ಪಿತ್ತಜನಕಾಂಗದಲ್ಲಿ ಕೂಡಿಟ್ಟುಕೊಳ್ಳಬೇಕು. ಪಡ್ಡೆಗಳನ್ನೂ ಬಡಕಲು ಹಸುಗಳನ್ನೂ ಬೇರೆ ಕಟ್ಟಿದೆ. ಒಟ್ಟಿಗೆ ಬಿಟ್ಟರೆ ಜೋರಿನ ಹಸುಗಳು ಗುದ್ದಿ ಓಡಿಸುತ್ತವೆ, ಇವು ಸುಮ್ನೆ ಹಿಂದೆ ನಿಲ್ಲುತ್ತವೆ.

ಆ ಕರು ಬದುಕಿತು. ಮೂರನೇ ದಿನ ತಾನೇ ಎದ್ದು ಕೆಚ್ಚಲು ಹುಡುಕಿತು. ಆದರೆ ತಾಯಿಯಿಂದ ಬಿಡಿಸುವ ಹೊತ್ತಿಗೂ ಜೊತೆಯ ಕರುಗಳಿಗಿಂತ ಸಣ್ಣದೇ. ತಾಯಿ ತಡವಾಗಿ ಬೆದೆಗೆ ಬಂತು, ಮುಂದಿನ ವರ್ಷ ಎಲ್ಲಕ್ಕಿಂತ ಕೊನೆಗೆ ಈದಿತು.

ಈಗ ಕರು ಬಿಡಿಸುವ ದಿನವೇ ಒಂದೊಂದು ಹಸುವಿನ ಪಕ್ಕೆಯನ್ನೂ ಮುಟ್ಟುತ್ತೇನೆ. ಮೈ ತುಂಬಿಸಲು ಆಗ ಇನ್ನೂ ಸಮಯವಿರುತ್ತದೆ. ಆ ಪಡ್ಡೆಗೆ ಈಗ ಮೂರನೇ ಗಬ್ಬ. ನಿನ್ನೆ ಕೈಯಿಟ್ಟಾಗ ಎಲುಬು ಸಿಗಲು ಬೆರಳನ್ನು ಸ್ವಲ್ಪ ಒತ್ತಬೇಕಾಯಿತು.