ತುಮಕೂರಿನ ಕಡೆ ಸೈಟು ಮಾಡಿಡಬಹುದೇ?

ಬೆಂಗಳೂರಿನ ನೆಂಟರೂ ಊರಿನ ಪರಿಚಿತರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ತುಮಕೂರಿನ ಕಡೆ ಒಂದು ಸೈಟು ಮಾಡಿಟ್ಟರೆ ಹತ್ತು ವರ್ಷಕ್ಕೆ ಡಬಲ್ ಆಗುವುದಿಲ್ಲವೇ?" ಮೆಟ್ರೊ 2024ರ ನವೆಂಬರಿನಲ್ಲಿ ಮಾದಾವರ ಮುಟ್ಟಿ, ಅಲ್ಲಿಂದ ತುಮಕೂರಿನವರೆಗೂ ಅದನ್ನು ಎಳೆಯುವ ಮಾತು ಎದ್ದ ಮೇಲಂತೂ ಈ ಪ್ರಶ್ನೆ ಇನ್ನೂ ಹೆಚ್ಚಾಗಿದೆ. ಡಬಲ್ ಆಗಬಹುದು, ಆದರೆ ಡಬಲ್ ಆದರೆ ಕೈಗೆ ಎಷ್ಟು ಬರುತ್ತದೆ ಎಂಬುದನ್ನು ಲೆಕ್ಕ ಹಾಕಿದ ಮೇಲೆಯೇ ಅಡ್ವಾನ್ಸ್ ಕೊಡಿ ಎಂಬುದು ನನ್ನ ಉತ್ತರ.

ಮೂವತ್ತು ನಲವತ್ತರ ಸೈಟೆಂದರೆ 1,200 ಚದರ ಅಡಿ. ಅಡಿಗೆ 2,000 ರೂಪಾಯಿಯಂತೆ ಹಿಡಿದರೆ 24 ಲಕ್ಷ. ಪಂಚಾಯಿತಿ ವ್ಯಾಪ್ತಿಯ ನಿವೇಶನಕ್ಕೆ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ. 5.65 ಆಗುತ್ತದೆ, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ ಶೇ. 1ರಿಂದ ಶೇ. 2ಕ್ಕೆ ಏರಿರುವುದರಿಂದ ಒಟ್ಟು ಶೇ. 7.65, ಅಂದರೆ 1,83,600 ರೂಪಾಯಿ. ಪತ್ರ ಬರೆಯುವವರು, ವಕೀಲರು, ಖಾತೆ ಎಂದು ಇನ್ನಷ್ಟು ಕೂಡಿಸಿದರೆ 26 ಲಕ್ಷವೇ ನಿಮ್ಮ ನಿಜವಾದ ಖರೀದಿ ಬೆಲೆ. ಹತ್ತು ವರ್ಷದ ನಂತರ ಅದು 48 ಲಕ್ಷಕ್ಕೆ ಮಾರಿಹೋಯಿತೆಂದುಕೊಳ್ಳೋಣ. ಬ್ರೋಕರಿಗೆ ಶೇ. 2ರಂತೆ 96,000 ಹೋಗುತ್ತದೆ. ಉಳಿದ ಲಾಭದ ಮೇಲೆ, ಇಂದಿನ ನಿಯಮದಂತೆ, ಶೇ. 12.5 ತೆರಿಗೆಯೂ ಅದರ ಮೇಲೆ ಶೇ. 4 ಸೆಸ್ಸೂ ಸೇರಿ ಸುಮಾರು 2.73 ಲಕ್ಷ ಕಟ್ಟಬೇಕಾಗುತ್ತದೆ. ಕೈಗೆ ಉಳಿಯುವುದು 44.30 ಲಕ್ಷ; ಚಕ್ರಬಡ್ಡಿಯ ಲೆಕ್ಕದಲ್ಲಿ ವರ್ಷಕ್ಕೆ ಶೇ. 5.5ರಷ್ಟು ಮಾತ್ರ. ಖರೀದಿಯ 26 ಲಕ್ಷದಲ್ಲಿ 15 ಲಕ್ಷವನ್ನು ಶೇ. 9ರ ಬಡ್ಡಿಗೆ ಹತ್ತು ವರ್ಷದ ಸಾಲ ಮಾಡಿದ್ದರೆ ತಿಂಗಳಿಗೆ 19,000 ರೂಪಾಯಿ ಕಂತು, ಒಟ್ಟು 7.80 ಲಕ್ಷ ಬಡ್ಡಿ, ಖರೀದಿ ಬೆಲೆ ಕಳೆದು ಉಳಿದ 18.30 ಲಕ್ಷದ ಲಾಭ ಹತ್ತೂವರೆ ಲಕ್ಷಕ್ಕೆ ಇಳಿಯುತ್ತದೆ. ಮನೆಯಾದರೆ ಬಾಡಿಗೆಯಾದರೂ ಬಂದೀತು. ಖಾಲಿ ಸೈಟಿನಲ್ಲಿ ಬೆಳೆಯುವುದು ಪಾರ್ಥೇನಿಯಂ, ಅದನ್ನು ಕೀಳಿಸುವ ಕೂಲಿಯೂ ನಮ್ಮದೇ.

ಲೆಕ್ಕ ಗಿಟ್ಟುತ್ತದೆ ಎಂದಾದರೆ ಮುಂದಿನದು ಕಾಗದಪತ್ರ. ಕಳೆದ ಮಳೆಗಾಲದಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ನಗರದ ಹೊರವಲಯದ ಒಂದು ಬಡಾವಣೆಗೆ ಹೋಗಿದ್ದೆ. ಸುಣ್ಣ ಬಳಿದ ಕಲ್ಲುಗಳು ಸಾಲಾಗಿ ನಿಂತಿದ್ದವು, ಅವರು ಮೆಚ್ಚಿದ ಮೂಲೆ ಸೈಟಿನ ಕಲ್ಲಿನ ಬುಡದಲ್ಲಿ ಮಾತ್ರ ಜೊಂಡು ಬೆಳೆದಿತ್ತು. ನೀರು ಹರಿಯದ ಕಡೆ ಜೊಂಡೇಕೆ ಬಂತು ಎಂಬ ಅನುಮಾನದಿಂದ ಅಲ್ಲೇ ನಿಂತು ಫೋನಿನಲ್ಲಿ ದಿಶಾಂಕ್ ಎಂಬ ಸರ್ಕಾರಿ ಆ್ಯಪ್ ತೆರೆದು, ನಿಂತ ಜಾಗದ ಸರ್ವೆ ನಂಬರ್ ನೋಡಿದೆವು. ಮನೆಗೆ ಬಂದು ಕಂದಾಯ ಇಲಾಖೆಯ ಭೂಮಿ ತಂತ್ರಾಂಶದಲ್ಲಿ ಅದರ ಹಳೆಯ ಪಹಣಿ ತೆಗೆದರೆ ಖರಾಬು (ಬ) ಎಂಬಲ್ಲಿ ನಾಲ್ಕು ಗುಂಟೆ ಇತ್ತು. ಬ ಖರಾಬೆಂದರೆ ದಾರಿ, ಹಳ್ಳ, ಕಾಲುವೆಯಂತಹ ಸಾರ್ವಜನಿಕ ಜಾಗ. ನಾಲ್ಕು ಗುಂಟೆ ಎಂದರೆ 4,356 ಚದರ ಅಡಿ, ಮೂರು ಸೈಟಿಗಿಂತ ಹೆಚ್ಚು. ಬಡಾವಣೆಯ ನಕ್ಷೆಯಲ್ಲಿ ಅದರ ಸುಳಿವೇ ಇರಲಿಲ್ಲ. ಸಹೋದ್ಯೋಗಿ ಅಡ್ವಾನ್ಸ್ ಕೊಟ್ಟಿರಲಿಲ್ಲವಾದ್ದರಿಂದ ಮಾತು ಅಲ್ಲಿಗೇ ಮುಗಿಯಿತು.

ಉಳಿದ ದಾಖಲೆಗಳ ಬಗ್ಗೆ ಬಹಳ ಜನಕ್ಕೆ ಗೊತ್ತಿದೆ: ಭೂಪರಿವರ್ತನೆ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರ ಅನುಮೋದಿಸಿದ ನಕ್ಷೆ, ಪಂಚಾಯಿತಿಯ ಇ-ಸ್ವತ್ತು ದಾಖಲೆ, ಮತ್ತು 500 ಚದರ ಮೀಟರ್ ಮೀರಿದ ಬಡಾವಣೆಯಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ. ಇಸಿ (ಋಣಭಾರ ಪ್ರಮಾಣಪತ್ರ) ಶುದ್ಧವಾಗಿದೆ ಎಂದು ನೆಮ್ಮದಿಯಾಗಿ ಕೂರುವವರಿಗೆ ಮಾತ್ರ ಒಂದು ಮಾತು ಹೇಳಬೇಕು. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಪಿತ್ರಾರ್ಜಿತ ಜಮೀನಿನಲ್ಲಿ ಸಹಿ ಹಾಕದೆ ಉಳಿದ ಹೆಣ್ಣುಮಕ್ಕಳ ಪಾಲು ಅದರಲ್ಲಿ ಕಾಣುವುದಿಲ್ಲ, ಅದಕ್ಕೆ ವಂಶವೃಕ್ಷವನ್ನೇ ನೋಡಬೇಕು. ಜಮೀನು ಮೂಲದಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದು, ಅನುಮತಿಯಿಲ್ಲದೆ ಮಾರಾಟವಾಗಿದ್ದರೆ, 1978ರ ಪಿಟಿಸಿಎಲ್ ಕಾಯ್ದೆಯಂತೆ ಆ ಕ್ರಯ ಅಸಿಂಧು. ಅರ್ಜಿ ಹಾಕಲು ಕಾಲಮಿತಿಯಿಲ್ಲವೆಂದು 2023ರ ತಿದ್ದುಪಡಿ ಹೇಳಿರುವುದರಿಂದ, ನಿಮಗೆ ಮಾರಿದವರು ನಾಲ್ಕನೆಯ ಕೈಯಾಗಿದ್ದರೂ ರಕ್ಷಣೆ ಸಿಗುತ್ತದೆ ಎಂದು ನಂಬುವಂತಿಲ್ಲ.

ಇನ್ನು ಅಡಿಗೆ 2,000 ಎಂಬ ದರವೇ ನಿಜವೇ? ಸರ್ಕಾರ ನೋಂದಣಿಗೆಂದು ನಿಗದಿ ಮಾಡುವ ಮಾರ್ಗಸೂಚಿ ದರದಿಂದ ಇದು ತಿಳಿಯುವುದಿಲ್ಲ, ಬಡಾವಣೆಯವರ ಕರಪತ್ರದಿಂದಂತೂ ತಿಳಿಯುವುದೇ ಇಲ್ಲ. ನಾನು ಒಮ್ಮೆ ಒಬ್ಬ ಬ್ರೋಕರಿಗೆ ಕೊಳ್ಳುವವನಾಗಿ ಫೋನ್ ಮಾಡಿದಾಗ ಆತ, "ಎರಡು ಸಾವಿರಕ್ಕೆ ಒಂದು ಪೈಸೆಯೂ ಕಡಿಮೆಯಿಲ್ಲ ಸಾರ್, ಮುಂದಿನ ತಿಂಗಳು ಇದೂ ಸಿಗಲ್ಲ" ಎಂದಿದ್ದ. ಎರಡು ವಾರ ಬಿಟ್ಟು, ಅದೇ ಬಡಾವಣೆಯಲ್ಲಿ ಸೈಟು ಇರುವ ನನ್ನ ಭಾವ ಮಾರುವವರಾಗಿ ಅದೇ ನಂಬರಿಗೆ ಫೋನ್ ಮಾಡಿದರು. "ಸದ್ಯಕ್ಕೆ ಪಾರ್ಟಿ ಯಾರೂ ಇಲ್ಲ ಸಾರ್, ಸಾವಿರದ ಐನೂರಕ್ಕೆ ಬಿಡೋದಾದ್ರೆ ಹೇಳಿ, ನೋಡೋಣ" ಎಂಬ ಉತ್ತರ ಬಂತು.