‘ಗಂಡಸೇ ಅನ್ನಬೇಕು’

ಕಳೆದ ಭಾನುವಾರ ಮೈಸೂರಿನಲ್ಲಿ ಹವ್ಯಾಸಿ ತಂಡವೊಂದರ ಪೌರಾಣಿಕ ನಾಟಕ ಮುಗಿದ ಮೇಲೆ, ಬಣ್ಣದ ಕೋಣೆಯ ಬಾಗಿಲಲ್ಲಿ ಕೇಳಿದ ಎರಡು ಮಾತುಗಳು ಇನ್ನೂ ನನ್ನ ಕಿವಿಯಲ್ಲಿವೆ. ಭೀಮನ ಪಾತ್ರ ವಹಿಸಿದ್ದವಳು ಕಾಲೇಜಿನಲ್ಲಿ ಓದುತ್ತಿರುವ ಹುಡುಗಿ. ಅವಳನ್ನು ಅಭಿನಂದಿಸಲು ಬಂದ ಹಿರಿಯರೊಬ್ಬರು, “ಚೆನ್ನಾಗಿ ಮಾಡಿದೆಯಮ್ಮ, ಗಂಡಸೇ ಅನ್ನಬೇಕು. ಆದರೆ ಇದೆಲ್ಲ ಎಷ್ಟು ದಿನ?” ಎಂದರು. ಅವಳು ಭುಜಕೀರ್ತಿ ಬಿಚ್ಚುತ್ತಲೇ, “ನಾಳೆಯೂ ಪ್ರಯೋಗ ಇದೆ ಸರ್, ಬನ್ನಿ” ಎಂದಳು.

ಆ ಹಿರಿಯರ ಮೇಲೆ ನನಗೆ ಕೋಪವಿಲ್ಲ. ಮುಂದಿನ ಸಾಲಿನಲ್ಲಿ ಕುಳಿತು, ಪ್ರತಿ ಕಂದಪದ್ಯಕ್ಕೂ ತಲೆದೂಗಿದವರು ಅವರು. ರಂಗಗೀತೆಗಳ ರುಚಿ ಬಲ್ಲವರು. ಆದರೂ “ಗಂಡಸೇ ಅನ್ನಬೇಕು” ಎಂಬ ಅವರ ಮೆಚ್ಚುಗೆ ಆ ಹುಡುಗಿಯ ಕೆಲಸವನ್ನು ನೋಡಿಯೂ ನೋಡದ ಮಾತೆಂದು ನನಗೆ ಅನ್ನಿಸುತ್ತಲೇ ಇದೆ. ಎರಡನೆಯ ಅಂಕದಲ್ಲಿ ಬೆವರಿಗೆ ಅವಳ ಅಂಟುಮೀಸೆಯ ಎಡತುದಿ ಮೇಲೆದ್ದಿತ್ತು. ಅವಳು ಗಾಬರಿಯಾಗಲಿಲ್ಲ. ಗದೆಯನ್ನು ಬಲಗೈಗೆ ಬದಲಿಸಿಕೊಂಡು, ಎಡಗೈಯ ಹೆಬ್ಬೆರಳಿನಿಂದ ಮೀಸೆಯನ್ನು ಒತ್ತಿ, ಹಾಗೆಯೇ ನಿಧಾನವಾಗಿ ತಿರುವಿ, ಮುಂದಿನ ಮಾತನ್ನು ಅರೆಕ್ಷಣ ತಡೆದು ಹೇಳಿದಳು. ಸಭೆಗೆ ಕಂಡದ್ದು ಭೀಮನ ಧಿಮಾಕು ಮಾತ್ರ. ಅದು ಗಂಡಸಿನ ಗುಣವೂ ಅಲ್ಲ, ಹೆಂಗಸಿನ ಗುಣವೂ ಅಲ್ಲ. ರಂಗದ ಮೇಲೆ ನಿಲ್ಲಲು ಕಲಿತವರ ಗುಣ.

ಆ ರಾತ್ರಿ ಮನೆಗೆ ಬಂದವನಿಗೆ ಇದೇ ಊರಿನ ಆರ್. ನಾಗರತ್ನಮ್ಮನವರು ನೆನಪಾದರು. 1926ರಲ್ಲಿ ಹುಟ್ಟಿ, ಚಿಕ್ಕ ವಯಸ್ಸಿನಲ್ಲೇ ಬಣ್ಣ ಹಚ್ಚಿ, ವೃತ್ತಿ ಕಂಪನಿಗಳಲ್ಲಿ ಪಳಗಿದ ಅವರು 1958ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸ್ತ್ರೀ ನಾಟಕ ಮಂಡಳಿಯಲ್ಲಿ ಎಲ್ಲ ಪಾತ್ರಗಳೂ ಹೆಂಗಸರವೇ. ಕಂಸ, ರಾವಣ, ಭೀಮ, ದುರ್ಯೋಧನರಂತಹ ಅಬ್ಬರದ ಪಾತ್ರಗಳು ನಾಗರತ್ನಮ್ಮನವರ ಪಾಲಿನವು. ‘ಕೃಷ್ಣ ಗಾರುಡಿ’ಯ ಭೀಮನೆಂದರೆ ಅವರೇ ಎನ್ನುವಷ್ಟು ಆ ಪಾತ್ರ ಅವರ ಹೆಸರಿಗೆ ಅಂಟಿಕೊಂಡಿತ್ತು. ನಟಿಸುವುದಷ್ಟೇ ಅಲ್ಲ, ನಾಟಕಗಳನ್ನು ನಿರ್ದೇಶಿಸಿದವರೂ ತಂಡವನ್ನು ನಡೆಸಿದವರೂ ಅವರೇ.

ಹೆಣ್ಣು ಗಂಡುವೇಷ ಹಾಕಿದ್ದನ್ನೇ ಅವರ ಸಾಧನೆಯೆಂದು ಹೇಳಿ ಮುಗಿಸುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡದು, ಪಾತ್ರ ಹಂಚುವ ಅಧಿಕಾರವನ್ನು ಅವರು ತಮ್ಮ ಕೈಗೆ ತೆಗೆದುಕೊಂಡದ್ದು. ಕಂಪನಿಯಲ್ಲಿ ಯಾರು ನಾಯಕಿ, ಯಾರು ಸಖಿ, ಯಾರಿಗೆ ಎಷ್ಟು ಹಾಡು ಎಂಬುದನ್ನು ತೀರ್ಮಾನಿಸುತ್ತಿದ್ದವರು ಮಾಲೀಕರು. ಮಾಲೀಕರೆಂದರೆ ಹೆಚ್ಚಿನ ಕಡೆ ಗಂಡಸರು. ನಟಿಗೆ ದ್ರೌಪದಿ ಸಿಗಬಹುದು, ಸುಭದ್ರೆ ಸಿಗಬಹುದು, ವಯಸ್ಸಾದ ಮೇಲೆ ಕುಂತಿ ಸಿಗಬಹುದು. ಆದರೆ ಪೌರಾಣಿಕ ನಾಟಕದಲ್ಲಿ ಕಥೆಯನ್ನು ಎಳೆದೊಯ್ಯುವ ಮಾತುಗಳು, ತೊಡೆ ತಟ್ಟುವ ದೃಶ್ಯಗಳು, ಚಪ್ಪಾಳೆ ಬೀಳುವ ಪ್ರವೇಶಗಳು ಬಹುಪಾಲು ಇರುವುದು ಪುರುಷ ಪಾತ್ರಗಳಿಗೇ. ಆ ಪಾತ್ರಗಳು ತನಗೂ ತನ್ನಂತಹ ನಟಿಯರಿಗೂ ಬೇಕಾದರೆ ತಂಡವೇ ತನ್ನದಾಗಬೇಕು. ನಟಿಯೊಬ್ಬಳು ನಿರ್ದೇಶಕಿಯಾಗುವುದರ ಅರ್ಥ ಇಲ್ಲಿ ಎಷ್ಟು ನೇರವಾಗಿದೆ ಎಂಬುದನ್ನು ನೋಡಿದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಇದಕ್ಕೆ ತಿರುವುಮುರುವಾದದ್ದನ್ನು ನಮ್ಮ ರಂಗಭೂಮಿ ಎಂದೋ ಒಪ್ಪಿಕೊಂಡಿತ್ತು. ಹೆಂಗಸರು ರಂಗಕ್ಕೆ ಬಾರದ ಕಾಲದಲ್ಲಿ ಸೀರೆಯುಟ್ಟು ಬಂದ ನಟರನ್ನು ಜನ ಕಲಾವಿದರೆಂದೇ ಗೌರವಿಸಿದರು. ಮರಾಠಿ ರಂಗದ ಬಾಲಗಂಧರ್ವರ ಸ್ತ್ರೀಪಾತ್ರಗಳನ್ನು ಕನ್ನಡಿಗರೂ ಕೊಂಡಾಡಿದರು. ಯಕ್ಷಗಾನದಲ್ಲಿ ಸ್ತ್ರೀವೇಷವೆಂಬುದು ಇಂದಿಗೂ ಒಂದು ಸ್ವತಂತ್ರ ವಿದ್ಯೆ; ಅದರ ನಡೆ, ನೋಟ, ಬಳುಕುಗಳನ್ನು ವಿಮರ್ಶಕರು ಬಿಡಿಬಿಡಿಯಾಗಿ ಚರ್ಚಿಸುತ್ತಾರೆ. ಸ್ತ್ರೀವೇಷದ ಕಲಾವಿದರನ್ನು ಯಾರೂ “ಇದೆಲ್ಲ ಎಷ್ಟು ದಿನ?” ಎಂದು ಕೇಳಿದ್ದನ್ನು ನಾನಂತೂ ಕಂಡಿಲ್ಲ. ಆ ಪ್ರಶ್ನೆ ಹುಡುಗಿಗೇ ಮೀಸಲು. ಅದರ ಒಳಗೆ ಮದುವೆ ಇದೆ, ಮನೆಯಿದೆ, ರಾತ್ರಿ ತಾಲೀಮಿಗೆ ಕಳಿಸುವವರು ಯಾರು ಎಂಬ ಅನುಮಾನವಿದೆ. ಕೇಳಿದವರಿಗೆ ಅದು ಕಾಳಜಿ. ಕೇಳಿಸಿಕೊಂಡವಳಿಗೆ ಅದೊಂದು ಗಡುವು.

“ನಾಳೆಯೂ ಪ್ರಯೋಗ ಇದೆ” ಎಂದಾಗ ಆ ಹುಡುಗಿಯ ದನಿಯಲ್ಲಿ ಸವಾಲಿರಲಿಲ್ಲ. ಕೇಳಿದ್ದಕ್ಕೆ ತಿಳಿದಷ್ಟು ಉತ್ತರ ಕೊಟ್ಟಿದ್ದಳು, ಅಷ್ಟೆ. ಆ ಉತ್ತರವನ್ನು ಎಷ್ಟು ಸಲ ನೆನೆದರೂ ನನಗೆ ಅದರಲ್ಲಿ ಹೆಚ್ಚು ಹೆಚ್ಚು ಬಲ ಕಾಣುತ್ತದೆ. ವೃತ್ತಿ ಕಂಪನಿಯ ಕಲಾವಿದರು ಬದುಕಿದ್ದೇ ಹಾಗೆ: ಇಂದಿನ ಆಟ, ನಾಳೆಯ ಆಟ, ಮುಂದಿನ ಕ್ಯಾಂಪು. ನಾಗರತ್ನಮ್ಮನವರಿಗೆ ಪದ್ಮಶ್ರೀ ಬಂದದ್ದು 2012ರಲ್ಲಿ, ಎಂಬತ್ತು ದಾಟಿದ ಮೇಲೆ. ಅದೇ ವರ್ಷದ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಅಷ್ಟು ತಡವಾಗಿ ಬಂದ ಗೌರವಕ್ಕೆ ಸಂತೋಷಪಡುವುದೋ ನೊಂದುಕೊಳ್ಳುವುದೋ ತಿಳಿಯದು.

ನನಗೆ ಬೇಕಾಗಿರುವುದು ಇಷ್ಟು. ರಂಗಶಿಕ್ಷಣದ ಶಾಲೆಗಳು ಕಂಪನಿ ನಾಟಕವನ್ನು ಕಲಿಸುವಾಗ, ನಟಿಯರ ಪುರುಷಪಾತ್ರವನ್ನು ಒಂದು ಪದ್ಧತಿಯಾಗಿ ಕಲಿಸಬೇಕು: ಎದೆಯಿಂದ ದನಿ ಎತ್ತುವ ಬಗೆ, ಗದೆಯ ಭಾರ ಭುಜಕ್ಕೆ ಬಿದ್ದಂತೆ ಕಾಣುವ ನಡಿಗೆ, ಕಂದಪದ್ಯ ಮುಗಿದು ಮಾತಿಗೆ ಇಳಿಯುವಾಗಿನ ಆ ತಡೆ. ಸ್ತ್ರೀ ನಾಟಕ ಮಂಡಳಿಯಲ್ಲಿ ನಾಗರತ್ನಮ್ಮನವರ ಎದುರು ನಿಂತು ಕೃಷ್ಣ, ಅರ್ಜುನರಾದ ಹೆಂಗಸರ ಹೆಸರುಗಳೂ ಆ ಪಾಠದಲ್ಲಿ ಬರಬೇಕು. ಮುಂದಿನ ಭೀಮನನ್ನು ಮೆಚ್ಚುವವರಿಗೆ ಆಗ ಗಂಡಸಿನ ಹೋಲಿಕೆ ಬೇಕಾಗದು, ನಾಗರತ್ನಮ್ಮನವರ ಹೋಲಿಕೆ ಸಾಕಾದೀತು.